ಮೊಗೆಕುರ್ವೆಯ ಬಾಗಿಲಿನ ಉಸಿರು

ಗೋಡೆಯ ವರ್ಷ ಇನ್ನೂರ ಹದಿನಾಲ್ಕು, ಮೂರನೆಯ ಆಷಾಢ, ಅಮಾವಾಸ್ಯೆಯ ಮುಂಚಿನ ದಿನ
ಮೊಗೆಕುರ್ವೆ, ಅಘನಾಶಿನಿಯ ಬಾಯಿ

ಹಿಂದಿನವರಿಗೆ,

ತಾರೀಖನ್ನು ನೋಡಿ ಕಾಗದವನ್ನು ಪಕ್ಕಕ್ಕಿಡಬೇಡಿ. ನಿಮ್ಮ ಪಂಚಾಂಗದಲ್ಲಿ ಆಷಾಢ ಒಂದೇ ಇತ್ತೆಂದು ನಾನು ಓದಿದ್ದೇನೆ. ಮಳೆಗಾಲ ಉದ್ದವಾಗುತ್ತ ಹೋದಾಗ ನಮ್ಮ ಪಂಚಾಂಗದವರಿಗೆ ಹೊಸ ತಿಂಗಳುಗಳಿಗೆ ಹೆಸರಿಡುವ ಧೈರ್ಯ ಬರಲಿಲ್ಲ. ಇದ್ದ ಹೆಸರನ್ನೇ ಮೂರು ಸಲ ಹೇಳಿ ಸುಮ್ಮನಾದರು. ಮೊದಲ ಆಷಾಢದಲ್ಲಿ ಬಿತ್ತನೆ. ಎರಡನೆಯದರಲ್ಲಿ, ಕಾಯುವ ವ್ಯವಧಾನ ಯಾರಿಗೂ ಇಲ್ಲದ್ದರಿಂದ, ಮದುವೆಗಳು. ಮೂರನೆಯದರಲ್ಲಿ ಏನೂ ಇಲ್ಲ. ಜನ ಮನೆಯೊಳಗೆ ಕುಳಿತು ಬಲೆ ಹೆಣೆಯುತ್ತಾರೆ, ಆಗಾಗ ಎದ್ದು ಹೊಳೆಯ ಬಣ್ಣ ನೋಡಿ ಬರುತ್ತಾರೆ.

ಮಾತಿನ ವಿಚಿತ್ರಕ್ಕೂ ಕ್ಷಮೆ ಕೇಳಬೇಕು. ನೀವು ಬರೆಯುವ ಕನ್ನಡವನ್ನು ನಾವು ಹಳಗನ್ನಡವೆಂದು ಕಲಿಯುತ್ತೇವೆ. ನನ್ನ ಪದವಿ ಅದರಲ್ಲಿಯೇ. ಆಡಿದ ಮಾತು ನನಗೆ ಸುಲಭವಾಗಿ ಬರುವುದಿಲ್ಲ. ಬರೆದ ಮಾತಿನೊಂದಿಗೆ ಒಂದಿಷ್ಟು ಸಲಿಗೆ ಇದೆ. ಆದ್ದರಿಂದ ನಿಮ್ಮ ಕಾಲದ ಬರವಣಿಗೆಯ ಭಾಷೆಯಲ್ಲಿ ಬರೆಯಲು ಪ್ರಯತ್ನಿಸುತ್ತಿದ್ದೇನೆ. ನಮ್ಮವರ ಮಾತು ಬಂದ ಕಡೆ ಮಾತ್ರ ಅವರು ಆಡಿದ ಹಾಗೆಯೇ ಇಟ್ಟಿದ್ದೇನೆ. ಅದನ್ನು ತಿದ್ದಿದರೆ ಅವರು ಯಾರೋ ಬೇರೆಯವರಾಗಿಬಿಡುತ್ತಾರೆ.

ನನ್ನ ಹೆಸರು ನೇತ್ರು. ನಾನು ಮೊಗೆಕುರ್ವೆಯ ಕರೆಗಾರ್ತಿ. ಕುರ್ವೆ ಎಂದರೆ ಹೊಳೆಯ ನಡುವಿನ ನಡುಗಡ್ಡೆ, ಇದು ನಿಮಗೂ ಗೊತ್ತಿರಬಹುದು. ಕರೆಗಾರ್ತಿ ಎಂದರೆ ಏನೆಂದು ಹೇಳಬೇಕಾದರೆ ಮೊದಲು ಗೋಡೆಯ ವಿಷಯ ಹೇಳಬೇಕು. ಅದನ್ನು ನೀವು ಇನ್ನೂ ಕಟ್ಟಿಲ್ಲ. ನಿಮ್ಮ ಮೊಮ್ಮಕ್ಕಳು ಕಟ್ಟುತ್ತಾರೆ. ಭರತದ ಹೊತ್ತಿಗೆ ಕಡಲು ನಮ್ಮ ಗಜನಿಗಳಿಗಿಂತ, ಅಂದರೆ ಉಪ್ಪುನೀರಿಗೆ ಹೆದರದ ಭತ್ತ ಬೆಳೆಯುವ ತಗ್ಗುಗದ್ದೆಗಳಿಗಿಂತ, ಎತ್ತರಕ್ಕೆ ಬರುತ್ತದೆ. ಅದನ್ನು ತಡೆಯಲು ಹೊಳೆಯ ಬಾಯಿಗೆ ಅಡ್ಡವಾಗಿ ಗೋಡೆ. ಗೋಡೆಯ ನಡುವೆ ಒಂದು ದೊಡ್ಡ ಬಾಗಿಲು. ಭರತ ಏರುವಾಗ ಬಾಗಿಲು ಇಳಿದು ಮುಚ್ಚುತ್ತದೆ. ಇಳಿತಕ್ಕೆ ಏರಿ ತೆರೆಯುತ್ತದೆ, ಆಗ ಹೊಳೆ ಕಡಲಿಗೆ ಹೋಗುತ್ತದೆ. ಇಳಿತದ ಹೊತ್ತಿನಲ್ಲಿ ಊರಿನ ಅರ್ಧ ಹೆಂಗಸರು ಗೋಡೆಯಾಚೆಯ ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸುತ್ತಿರುತ್ತಾರೆ. ಬಳಚು ಇಲ್ಲದಿದ್ದರೆ ನಮಗೆ ಸಾರಿಲ್ಲ, ಚಿಪ್ಪು ಸುಡದಿದ್ದರೆ ಗೋಡೆಗೆ ಸುಣ್ಣವಿಲ್ಲ. ಭರತ ತಿರುಗಿದ ಕೂಡಲೇ ಬಾಗಿಲ ಮನೆಯ ಕೊಂಬು ಕೂಗುತ್ತದೆ, ಆಮೇಲೆ ಬಾಗಿಲು ಒಂದಿಷ್ಟು ಹೊತ್ತು ಸುಮ್ಮನೆ ನಿಲ್ಲುತ್ತದೆ, ಆಮೇಲೆ ಇಳಿಯುತ್ತದೆ. ಆ ನಡುವಿನ ನಿಲುಗಡೆಯನ್ನು ನಾವು ಬಾಗಿಲಿನ ಉಸಿರು ಎನ್ನುತ್ತೇವೆ. ಆ ಉಸಿರಿನೊಳಗೆ ಗೋಡೆಯ ಮೇಲಿನ ಮಣೆಯ ಮೇಲೆ ಕುಳಿತು ಹಾಡುವವಳೇ ಕರೆಗಾರ್ತಿ. ಊರಿನಲ್ಲಿ ಸಾಹಿತ್ಯ ಓದಿದವರಿಗೆ ಇರುವ ಕೆಲಸ ಇದೊಂದೇ.

ಹಾಡು ಇದು:

ಬನ್ನಿರೇ ಬನ್ನಿ ಒಳ ಬನ್ನಿ, ಕಡಲಮ್ಮ
ಬಾಗಿಲ ತನಕ ಬಂದಾಳೆ, ಬಳಚಿನ
ಬುಟ್ಟಿಯ ಬಿಟ್ಟು ಒಳ ಬನ್ನಿ.

ಇದಕ್ಕೆ ಹೆಂಗಸರು ಓಡಿ ಬರುತ್ತಾರೆ. ಬುಟ್ಟಿಯನ್ನು ಯಾರೂ ಬಿಡುವುದಿಲ್ಲ. ಕೊನೆಯಲ್ಲಿ ಬರುವವಳು ಯಾವಾಗಲೂ ನನ್ನ ಅಕ್ಕ ಮಂಕಾಳಿ. ಬಾಗಿಲ ಕೆಳಗೆ ನಿಂತು ತಲೆಯೆತ್ತಿ, “ಏನೇ ತಂಗಿ, ಇವತ್ತು ಗಂಟ್ಲಲ್ಲಿ ಕಪ್ಪೆ ಕುಂತದೆಯೇನೇ?” ಎಂದು ಕೂಗಿ, ಎಲ್ಲರನ್ನೂ ನಗಿಸಿ ಒಳಗೆ ಬರುತ್ತಾಳೆ. ಒಳಗಿನವರೂ ಈ ಹಾಡಿಗೇ ದೋಣಿ ಕಟ್ಟಿ ಮನೆ ಸೇರುತ್ತಾರೆ. ಒಳಗೆ ಎಂದರೆ ಕ್ಷೇಮ ಎಂದು ನಮ್ಮ ಮಕ್ಕಳು ನಡೆಯುವುದಕ್ಕೆ ಮುಂಚೆ ಕಲಿಯುತ್ತಾರೆ.

ಈಗ ನಾನು ಹೇಳಬೇಕಾದ ವಿಷಯ. ಬಾಗಿಲನ್ನು ನಡೆಸಲು ನಿಮ್ಮ ಮೊಮ್ಮಕ್ಕಳು ಒಂದು ಯಂತ್ರ ಇಡುತ್ತಾರೆ. ಅದರೊಳಗೆ ಒಂದು ಪ್ರೋಗ್ರಾಮ್ ಬರೆಯುತ್ತಾರೆ. ನಾವು ಅದನ್ನು ಕಟ್ಟಳೆ ಎನ್ನುತ್ತೇವೆ: ಇದಾದರೆ ಇದನ್ನು ಮಾಡು, ಅದಾದರೆ ಅದನ್ನು ಮಾಡು ಎಂಬ ಆಜ್ಞೆಗಳ ಉದ್ದನೆಯ ಸರಪಳಿ. ಯಂತ್ರ ಎಷ್ಟೋ ಕಾಲ ನಡೆದು ಉಪ್ಪುಗಾಳಿಗೆ ಸತ್ತಿತು. ಆ ಹೊತ್ತಿಗೆ ಅಂಥ ಯಂತ್ರ ಮಾಡುವವರು ಎಲ್ಲಿಯೂ ಉಳಿದಿರಲಿಲ್ಲ. ಕಟ್ಟಳೆಯನ್ನು ಓದಿ ಅರ್ಥ ಮಾಡಿಕೊಳ್ಳುವವರೂ ಇರಲಿಲ್ಲ. ಆಗ ಊರಿನ ಹಿರಿಯರು ಯಾರನ್ನೋ ಕರೆಸಿ ಬೇರೆ ಜಾತಿಯ ಒಂದು ಯಂತ್ರದಲ್ಲಿ ಹಳೆಯದರ ಒಳಗನ್ನು ಇದ್ದ ಹಾಗೆ ಕಟ್ಟಿಸಿದರು. ಹಳೆಯ ಯಂತ್ರ ಒಂದು ಆಜ್ಞೆಯನ್ನು ಹೇಗೆ ಎತ್ತಿಕೊಳ್ಳುತ್ತಿತ್ತು, ಎಲ್ಲಿ ಇಟ್ಟುಕೊಳ್ಳುತ್ತಿತ್ತು, ಎಷ್ಟು ನಿಧಾನವಾಗಿ ಕೂಡಿಸುತ್ತಿತ್ತು, ಎಲ್ಲವೂ ಹಾಗೆಯೇ. ಕಟ್ಟಳೆಯ ಒಂದಕ್ಷರವನ್ನೂ ಮುಟ್ಟದೆ ಅದರಲ್ಲಿ ಇಳಿಸಿದರು. ತನ್ನ ಹಳೆಯ ಮೈ ಸತ್ತಿದೆಯೆಂದು ಕಟ್ಟಳೆಗೆ ಗೊತ್ತೇ ಆಗಲಿಲ್ಲ. ಅದು ಕೆಲಸ ಮುಂದುವರಿಸಿತು. ಇದನ್ನು ನಾವು ಪರಕಾಯ ಎನ್ನುತ್ತೇವೆ. ನೀವು ಎಮ್ಯುಲೇಶನ್ ಎನ್ನುತ್ತಿದ್ದಿರಂತೆ. ಹಳೆಯ ಯಂತ್ರಕ್ಕೆ ಒಂದು ಕೆಟ್ಟ ಅಭ್ಯಾಸವಿತ್ತು: ವರ್ಷಕ್ಕೊಂದು ದಿನ ಲೆಕ್ಕ ತಪ್ಪಿ, ಭರತವಿಲ್ಲದ ಹೊತ್ತಿನಲ್ಲಿ ಬಾಗಿಲ ಮನೆಯ ಎಚ್ಚರಿಕೆಯ ಗಂಟೆ ಬಾರಿಸುತ್ತಿತ್ತು. ಪರಕಾಯವೂ ಅದೇ ದಿನ ಅದೇ ತಪ್ಪು ಮಾಡಿತು. “ಅಜ್ಜನ ಜೀವದ ಸಂಗ್ತಿಗೆ ಅಜ್ಜನ ಕೆಮ್ಮೂ ಬಂದದೆ” ಎಂದು ಜನ ನಕ್ಕು, ಆ ದಿನ ಬೆಲ್ಲ ಹಂಚುವ ಪದ್ಧತಿ ಇಟ್ಟುಕೊಂಡರು. ಅದೇ ಸುಳ್ಳುಗಂಟೆಯ ಹಬ್ಬ.

ವೇಷ ಎಂಬುದು ಬೇರೆ. ನಿಮ್ಮ ಮಾತಿನಲ್ಲಿ ಸಿಮ್ಯುಲೇಶನ್. ವೇಷ ಒಳಗನ್ನು ಕಟ್ಟುವುದಿಲ್ಲ. ಹೊರಗೆ ಏನು ಕಾಣುತ್ತದೆಯೋ ಅದನ್ನು ನೋಡಿ, ಲೆಕ್ಕ ಹಾಕಿ, ಅದರಂತೆ ಆಡುತ್ತದೆ. ಅದನ್ನು ನಾನು ಹಳಿಯುವುದಿಲ್ಲ. ಮುಂದಿನ ವರ್ಷ ಕಡಲು ಎಲ್ಲಿಯ ತನಕ ಬರಬಹುದು ಎಂದು ತಿಳಿಯಲು ಶಾಲೆಯಲ್ಲಿ ಕಡಲಿನ ವೇಷವೊಂದಿದೆ. ಮಕ್ಕಳು ಅದರಲ್ಲಿ ಊರನ್ನು ಹತ್ತು ಸಲ ಮುಳುಗಿಸಿ ಊಟಕ್ಕೆ ಮನೆಗೆ ಬರುತ್ತಾರೆ. ಆ ನೀರಿನಲ್ಲಿ ಯಾರೂ ಒದ್ದೆಯಾಗುವುದಿಲ್ಲ. ಅದೇ ಅದರ ಉಪಯೋಗ. ನೋಡುವುದಕ್ಕೆ ಇರುವುದನ್ನು ಮಾಡುವುದರ ಜಾಗದಲ್ಲಿ ಕೂರಿಸಿದ್ದು ನಮ್ಮ ತಪ್ಪು.

ಕೂರಿಸಿದವರು ಗುರುಸಿದ್ಧ ಎಂಬವರು, ಘಟ್ಟದ ಮೇಲಿನಿಂದ ಬಂದವರು. ಒಳ್ಳೆಯ ಮನುಷ್ಯ. ಬರುವಾಗ ಮಕ್ಕಳಿಗೆ ಹುರಿಗಡಲೆ ತರುತ್ತಿದ್ದರು. ಪರಕಾಯದ ಮೈ ಮುದಿಯಾಗಿ, ಬೇಸಿಗೆಯಲ್ಲಿ ಕಾದು ನಿಂತುಬಿಡುತ್ತಿತ್ತು; ಬಾಗಿಲ ಮುಖ್ಯಸ್ಥ ಬೊಮ್ಮಯ್ಯ ಒದ್ದೆ ಗೋಣಿ ಹೊದಿಸಿ, ಬೀಸಣಿಗೆ ಬೀಸಿ ಸಾಕಾಗಿದ್ದ. ಗುರುಸಿದ್ಧ ಒಂದು ಸಣ್ಣ ಪೆಟ್ಟಿಗೆ ತಂದರು. ಹಲವು ಮಳೆಗಾಲಗಳ ಭರತ, ಇಳಿತ, ಕೊಂಬು, ಬಾಗಿಲಿನ ಚಲನೆ ಎಲ್ಲವನ್ನೂ ಅದಕ್ಕೆ ತೋರಿಸಿದ್ದರು. ಸಭೆಯಲ್ಲಿ ಹೇಳಿದರು: “ಒಳಗೇನ ನಡೀತೈತಿ ಅನ್ನೂದು ನಿಮಗ್ಯಾಕ ಬೇಕ್ರಿ? ಬಾಗಿಲಾ ಹೊತ್ತಿಗೆ ಸರಿಯಾಗಿ ಮುಚ್ಚಬೇಕು, ಹೊತ್ತಿಗೆ ಸರಿಯಾಗಿ ತೆರೀಬೇಕು. ಅಷ್ಟ ಹೌದಲ್ಲೊ?” ಹೌದು ಎಂದರು ಜನ. ಮಂಕಾಳಕ್ಕ ಹಿಂದಿನಿಂದ, “ಹೊತ್ತಿಗೆ ಸರಿಯಾಗಿ ಬಂದು ಹೊತ್ತಿಗೆ ಸರಿಯಾಗಿ ಹೋದ್ರೆ ಸಾಕಪ್ಪ, ಒಳಗೆ ಜೀವ ಅದೆಯೋ ಇಲ್ವೋ ನೋಡೂದಿಲ್ಲ. ನಮ್ಮನಿಯವ್ರನ್ನೂ ಹಂಗೇ ಇಟ್ಕಂಡಿದ್ದೆ” ಎಂದಳು. ಭಾವ ತಲೆ ತಗ್ಗಿಸಿ ನಕ್ಕ. ನಾನೂ ನಕ್ಕೆ.

ಒಂದು ವರ್ಷ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಬಾಗಿಲನ್ನು ನಡೆಸಿದ್ದು ಪರಕಾಯ. ವೇಷ ಪಕ್ಕದ ಹಲಗೆಯ ಮೇಲೊಂದು ಸಣ್ಣ ಬಾಗಿಲನ್ನು ನಡೆಸಿತು. ಎರಡೂ ಹೆಚ್ಚುಕಡಿಮೆ ಒಟ್ಟಿಗೆ ನಿಂತವು, ಒಟ್ಟಿಗೆ ಇಳಿದವು. ಸುಳ್ಳುಗಂಟೆಯ ದಿನ ವೇಷವೂ ಗಂಟೆ ಬಾರಿಸಿತು. ಅದನ್ನು ಕೇಳಿದ ಮೇಲೆ ಹಿರಿಯರ ಕೊನೆಯ ಅನುಮಾನವೂ ಹೋಯಿತು. ತಪ್ಪನ್ನು ಕೂಡ ಸರಿಯಾಗಿ ಮಾಡುವುದು ಒಳಗೆ ಅದೇ ಜೀವ ಇದ್ದರೆ ಮಾತ್ರ ಎಂದು ಅವರು ನಂಬಿದರು.

ಆಮೇಲೆ ಮಾಡಿದ್ದನ್ನು ನಮ್ಮವರಲ್ಲದೆ ಬೇರೆ ಯಾರೂ ಮಾಡುತ್ತಿರಲಿಲ್ಲ. ಹೊಸ ಮೂರ್ತಿ ಕೂತ ಮೇಲೆ ಹಳೆಯ ಮೂರ್ತಿ ಗುಡಿಯಲ್ಲಿರಬಾರದು, ನೀರಿಗೆ ಬಿಡಬೇಕು, ಇದು ನೀವೂ ಬಲ್ಲ ಪದ್ಧತಿ. ನಮ್ಮಲ್ಲಿ ಅದು ಯಂತ್ರಗಳಿಗೂ ಉಂಟು. ಒಂದು ಜೀವಕ್ಕೆ ಎರಡು ಮೈ ಕೂಡದೆಂದು ಪರಕಾಯದ ಪ್ರತಿಯನ್ನೂ ಯಾರೂ ಎಂದೂ ಮಾಡಿಟ್ಟಿರಲಿಲ್ಲ. ಅದನ್ನು ಬಾಳೆಲೆಯ ಮೇಲೆ ಇಟ್ಟು, ಅಬ್ಬಲಿಗೆ ಮುಡಿಸಿ, ಕಾಯಿ ಒಡೆದು, ದೋಣಿಯಲ್ಲಿ ಒಯ್ದು ಹೊಳೆ ಕಡಲು ಕೂಡುವಲ್ಲಿ ಬಿಟ್ಟರು. ಹಾಡಿದವಳು ನಾನೇ. ಬೊಮ್ಮಯ್ಯ ಮಗುವಿನ ಹಾಗೆ ಅತ್ತ. ಗುರುಸಿದ್ಧ ದಡದಲ್ಲಿ ಚಪ್ಪಲಿ ಬಿಟ್ಟು ಕೈಮುಗಿದು ನಿಂತಿದ್ದರು. ಅವರಿಗೆ ಇದು ಚೆಂದ ಕಂಡಿರಬೇಕು.

ಅಂದಿನಿಂದ ಹಾಡು ಉಸಿರಿನೊಳಗೆ ಸರಿಯಾಗಿ ಕೂರತೊಡಗಿತು. ಮೊದಲು ಹಾಗಿರಲಿಲ್ಲ. ಕೆಲವು ದಿನ ಕೊನೆಯ ಸಾಲು ಮುಗಿಯುವ ಮೊದಲೇ ಬಾಗಿಲು ಅಲುಗುತ್ತಿತ್ತು. ಮಳೆಯ ದಿನಗಳಲ್ಲಿ ಹಾಡು ಮುಗಿದರೂ ಅಲುಗುತ್ತಿರಲಿಲ್ಲ. ಕೊನೆಯ ‘ಬನ್ನಿ’ಯನ್ನು ಎಳೆದು ಎಳೆದು ಕಾಯಬೇಕಾಗುತ್ತಿತ್ತು. ನನಗೆ ಕರೆ ಕಲಿಸಿದ ಬೀರಮ್ಮಜ್ಜಿ ಆ ಎಳೆತಕ್ಕೆ ಹೆಸರಾಗಿದ್ದವಳು. ಈಗ ಹಾಡಿನ ಕೊನೆಯ ಮಾತ್ರೆಯೂ ಬಾಗಿಲಿನ ಮೊದಲ ಸದ್ದೂ ತಾಳ ಹಾಕಿದಂತೆ ಕೂಡಿದವು. ಜನಕ್ಕೆ ಖುಷಿ. ಮಕ್ಕಳು ಅದಕ್ಕೆ ಚಪ್ಪಾಳೆ ತಟ್ಟಲು ಕಲಿತರು. ನನಗೆ ಮೊದಲ ವಾರ ಹೆಮ್ಮೆಯಾಯಿತು, ಆಮೇಲೆ ಅನುಮಾನ ಬರತೊಡಗಿತು. ಮನಸ್ಸಿನಲ್ಲಿ ಏನನ್ನಾದರೂ ನೋಡುತ್ತ ಪದ್ಯ ಹೇಳುವವರು ಪ್ರತಿ ಸಲ ಒಂದೇ ಕಡೆ ಒಂದೇ ಅಳತೆಗೆ ನಿಲ್ಲುವುದಿಲ್ಲ. ನಿಲ್ಲುವುದು ಬಾಯಿಪಾಠದವರು. ಮಳೆ ಬಂದರೂ ಬಿಸಿಲಿದ್ದರೂ ಬಾಗಿಲು ಈಗ ಒಂದೇ ಅಳತೆಗೆ ನಿಲ್ಲುತ್ತಿತ್ತು.

ಗುರುಸಿದ್ಧರನ್ನು ಕೇಳಿದೆ. “ಅದನ್ನ ನಾನ ಸರಿ ಮಾಡೀನಿ ತಂಗಿ” ಎಂದರು. “ಹಳೇದು ಒಮ್ಮೆ ಹೆಚ್ಚು ಒಮ್ಮೆ ಕಡಿಮಿ ತಡೀತಿತ್ತು. ನಡು ಲೆಕ್ಕಾ ಹಿಡಿದು ಕೂಡ್ಸೀನಿ.” ಹಳೆಯದು ಯಾಕೆ ತಡೆಯುತ್ತಿತ್ತು ಎಂದು ಕೇಳಿದೆ. ಅವರು ಯೋಚಿಸಿ, “ಹಳೇದಲ್ಲೇನ್ರಿ” ಎಂದರು. ಬೀರಮ್ಮಜ್ಜಿಯನ್ನು ಕೇಳಿದೆ. “ನಂಗೇನು ಗೊತ್ತೇ ಮಗಳೇ, ಮಳೆ ಬಂದ್ರೆ ಅದ್ಕೆ ಸೊಕ್ಕು. ನನ್ ಉಸ್ರು ನಿಂತು ಹೋಗ್ತಿತ್ತು, ಅದ್ರ ಉಸ್ರು ಮುಗೀತಿರ್ಲಿಲ್ಲ” ಎಂದಳು. ಶಾಲೆಯಲ್ಲಿ ಕಟ್ಟಿದವರ ವೇಷ ಒಂದಿದೆ, ಅಂದರೆ ನಿಮ್ಮ ಮೊಮ್ಮಕ್ಕಳ ದನಿಯಲ್ಲಿ ಪ್ರಶ್ನೆಗೆ ಉತ್ತರ ಕೊಡುವ ಯಂತ್ರ. ಅದನ್ನೂ ಕೇಳಿದೆ. ಕೆಸರು ಕೆಳಗೆ ಕೂರಲಿ ಎಂದು ತಡೆಯುತ್ತಿತ್ತು ಎಂದಿತು. ಮರುದಿನ ಕೇಳಿದರೆ ಮೀನುಗಳು ದಾಟಲಿ ಎಂದು. ಇನ್ನೊಂದು ದಿನ ಸರಪಳಿ ತಣ್ಣಗಾಗಲಿ ಎಂದು. ಮೂರು ಸಲವೂ ಅಷ್ಟೇ ಅಕ್ಕರೆಯ ದನಿ, ಅಷ್ಟೇ ಧೈರ್ಯ. ಆದ್ದರಿಂದಲೇ ನಾನು ಈಗ ನಿಮಗೆ ಬರೆಯುತ್ತಿದ್ದೇನೆ. ನೀವು ಉತ್ತರ ಕೊಡುವುದಿಲ್ಲ. ನೀವು ನಿಜವಾದವರು ಎಂಬುದಕ್ಕೆ ನನಗಿರುವ ಗುರುತು ಅದೊಂದೇ.

ಉತ್ತರ ಕೊನೆಗೆ ಕಣ್ಣೆದುರಿಗೇ ಇತ್ತು. ಬಾಗಿಲ ಮನೆಯ ಹಿಂದೆ, ಹೊಳೆಯ ಕಡೆಗೆ, ಕಲ್ಲಿನ ಒಂದು ಸಣ್ಣ ಬಾವಿ. ಹೊಳೆಯ ನೀರು ಅದರೊಳಗೆ ಬರುತ್ತದೆ. ನೀರಿನ ಮೇಲೆ ತಾಮ್ರದ ಒಂದು ಗುಂಡು ತೇಲುತ್ತದೆ. ಅವಳು ಗುಂಡಮ್ಮ. ಹುಟ್ಟಿದ ಮಗುವನ್ನು ಮೊದಲು ಅವಳಿಗೆ ತೋರಿಸುತ್ತೇವೆ. ಮಳೆಗಾಲಕ್ಕೆ ಮುಂಚೆ ಅವಳ ಸರಳಿಗೆ ಎಣ್ಣೆ ಹಾಕುವ ಹಬ್ಬವಿದೆ. ನಾನು ಅವಳನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ, ಒಮ್ಮೆಯೂ ನೋಡಿರಲಿಲ್ಲ. ಒಂದು ಮಧ್ಯಾಹ್ನ ಹೂವಿಡಲು ಹೋದವಳು ಸರಳಿನ ತುದಿಯಿಂದ ಹೊರಟ ತಂತಿಯನ್ನು ಕಣ್ಣಿನಲ್ಲೇ ಹಿಂಬಾಲಿಸಿದೆ. ಅದು ಗೋಡೆ ಹತ್ತಿ, ಸುಣ್ಣದ ಕೆಳಗೆ ಹಾದು, ಬಾಗಿಲ ಮನೆಗೆ ಹೋಗಿ, ಪರಕಾಯ ಇದ್ದ ಖಾಲಿ ಪೀಠದ ಹತ್ತಿರ ತುಂಡಾಗಿ ನಿಂತಿತ್ತು. ವೇಷಕ್ಕೆ ಅದು ಬೇಕಾಗಿರಲಿಲ್ಲ. ಗುಂಡಮ್ಮನಿಗೆ ಮಾತ್ರ ಹೊಸದಾಗಿ ಬಣ್ಣ ಬಳಿದಿದ್ದರು.

ಆಗ ನನಗೆ ಅರ್ಥವಾಯಿತು. ಬಾಗಿಲು ಉಸಿರಾಡುತ್ತಿರಲಿಲ್ಲ. ಕೇಳುತ್ತಿತ್ತು. ಮುಚ್ಚುವ ಮೊದಲು ಬೆನ್ನ ಹಿಂದಿನ ಹೊಳೆಯನ್ನು, ನೀನು ಎಷ್ಟು ಬಂದಿದ್ದೀಯ ಎಂದು ಕೇಳುತ್ತಿತ್ತು. ಮಳೆಯಲ್ಲಿ ಗುಂಡು ಅಲುಗಿದರೆ ನೀರು ನಿಲ್ಲುವ ತನಕ ಮತ್ತೆ ಮತ್ತೆ ಕೇಳುತ್ತಿತ್ತು; ಅದೇ ಬೀರಮ್ಮಜ್ಜಿಯ ಎಳೆತ. ಹೊಳೆ ತೀರ ಮೇಲೆ ಬಂದಿದ್ದರೆ ಬಾಗಿಲು ಮುಚ್ಚಬಾರದೆಂದು ಕಟ್ಟಳೆಯಲ್ಲಿ ಇದ್ದಿರಲೇಬೇಕು. ಭರತ ಒಳಬಂದರೆ ಕುರ್ವೆಯಲ್ಲಿ ಮೊಣಕಾಲುದ್ದ ನೀರು. ಬಾಗಿಲು ಮುಚ್ಚಿ ಮಹಾಪೂರದ ಹೊಳೆ ಒಳಗೇ ನಿಂತರೆ ಮನೆಯ ಮಾಡು ಮುಳುಗುವಷ್ಟು. ಅಂಥ ಪೂರ ಗುರುಸಿದ್ಧರು ವೇಷಕ್ಕೆ ತೋರಿಸಿದ ಮಳೆಗಾಲಗಳಲ್ಲಿ ಬಂದಿರಲಿಲ್ಲ. ಬೀರಮ್ಮಜ್ಜಿಯ ಕಾಲದಲ್ಲೂ ಬಂದಿರಲಿಲ್ಲ. ಕಟ್ಟಳೆ ಅದಕ್ಕಾಗಿ ದಿನಕ್ಕೆರಡು ಸಲ ಕಾದಿತ್ತು, ಇನ್ನೂರು ವರ್ಷ.

ಸಭೆಯಲ್ಲಿ ಹೇಳಲು ಎದ್ದು ನಿಂತೆ. ಮೊದಲ ಮಾತನ್ನೇ ಮೂರು ಸಲ ಶುರುಮಾಡಿದೆ. ಮಂಕಾಳಕ್ಕ, “ಹಾಡಿ ಹೇಳೇ, ಹಂಗಾರೂ ಬತ್ತದೇನೋ” ಎಂದಳು. ಹೇಗೋ ಹೇಳಿದೆ. ಬೊಮ್ಮಯ್ಯನಿಗೆ ಸಿಟ್ಟು ಬಂತು. “ಮೊದ್ಲೂ ನಿಲ್ತಿತ್ತು, ಈಗ್ಲೂ ನಿಲ್ತದೆ. ಮೊದ್ಲೂ ಮುಚ್ತಿತ್ತು, ಈಗ್ಲೂ ಮುಚ್ತದೆ. ನಿಂಗೆ ಮತ್ತೆಂತ ಬೇಕು?” ಎಂದ. ಗುರುಸಿದ್ಧರು ಮಾತ್ರ, “ನೋಡೂಣು” ಎಂದು ಎದ್ದರು. ಅವರೇ ತುಂಡಾದ ತಂತಿಯನ್ನು ಕೂಡಿಸಿ ವೇಷದ ಪೆಟ್ಟಿಗೆಗೆ ಕಟ್ಟಿದರು. ಭರತ ತಿರುಗಿತು, ಕೊಂಬು ಕೂಗಿತು. ಅವರು ಬಾವಿಯಲ್ಲಿ ಬಗ್ಗಿ ಗುಂಡಮ್ಮನನ್ನು ಎರಡೂ ಕೈಯಲ್ಲಿ ತಲೆಯ ಮಟ್ಟಕ್ಕೆ ಎತ್ತಿ ಹಿಡಿದರು: ಹೊಳೆ ಊರನ್ನು ನುಂಗುವಷ್ಟು ಬಂದಿದೆ ಎಂದು ಹೇಳುವ ಎತ್ತರ ಅದು. ಊರೆಲ್ಲ ನೋಡುತ್ತಿತ್ತು. ಬಾಗಿಲು ನಿಂತಿತು. ಹಾಡಿನಷ್ಟೇ ಹೊತ್ತು ನಿಂತಿತು. ಅಭ್ಯಾಸಬಲದಿಂದ ಮಕ್ಕಳು ಚಪ್ಪಾಳೆ ತಟ್ಟಿದರು. ಬಾಗಿಲು ಇಳಿದು ಮುಚ್ಚಿತು.

ಗುರುಸಿದ್ಧರು ಗುಂಡಮ್ಮನನ್ನು ಮೆಲ್ಲನೆ ನೀರಿಗೆ ಇಳಿಸಿದರು. ಅವರು ಸುಳ್ಳು ಹೇಳುವವರಲ್ಲ. “ಇದು ಕಂಡಿದ್ದನ್ನ ಅಷ್ಟ ಮಾಡ್ತೈತ್ರಿ. ಅಂಥಾ ಪೂರಾ ಇದು ಕಂಡಿಲ್ಲ” ಎಂದರು. ಆಮೇಲೆ ನಮಗೆ ಧೈರ್ಯ ಹೇಳಲೆಂದೇ, “ಒಮ್ಮೆ ಕಂಡ್ರ ಸಾಕು. ಆಮ್ಯಾಲ ತಪ್ಪಂಗಿಲ್ಲ” ಎಂದರು. ಅದು ಒಮ್ಮೆ ಕಾಣುವಾಗ ನಾವು ಎಲ್ಲಿರುತ್ತೇವೆ ಎಂದು ಯಾರೂ ಕೇಳಲಿಲ್ಲ.

ಮಾಡಬಹುದಾದದ್ದನ್ನೆಲ್ಲ ಮಾಡಿದ್ದಾರೆ. ಮುಳುಗು ಹಾಕುವವರು ಹೊಳೆಯ ತಳದಲ್ಲಿ ಪರಕಾಯವನ್ನು ಹುಡುಕಿದರು. ಕೈಗೆ ಬಂದದ್ದು ಅಬ್ಬಲಿಗೆಯ ದಾರ ಸುತ್ತಿಕೊಂಡ ಒಂದು ತಗಡು, ಅದರ ತುಂಬ ಕೆಸರು. ಗುರುಸಿದ್ಧರು ಪೂರವನ್ನು ಕಲಿತ ಹೊಸ ಪೆಟ್ಟಿಗೆ ಮಾಡಿ ತರುತ್ತೇನೆಂದು ಘಟ್ಟ ಹತ್ತಿದರು. ಎರಡನೆಯ ಆಷಾಢದಲ್ಲಿ ಘಟ್ಟದ ದಾರಿ ಕುಸಿಯಿತು, ಅವರ ಸುದ್ದಿಯಿಲ್ಲ. ವೇಷವನ್ನು ಕಿತ್ತುಹಾಕುವಂತಿಲ್ಲ, ಕರೆಂಟು ಹೋದರೆ ಬಾಗಿಲು ತಾನಾಗಿ ಬಿದ್ದು ಮುಚ್ಚುವಂತೆ ಕಟ್ಟಿದ್ದಾರೆ. ಕಟ್ಟುವಾಗ ಅವರು ಹೆದರಿದ್ದು ಕಡಲಿಗೆ. ಕೈಯಿಂದ ಎತ್ತುವ ಚಕ್ರವೊಂದಿದೆ, ಮೂರು ತಲೆಮಾರಿನ ತುಕ್ಕು ಹಿಡಿದಿದೆ. ಬೊಮ್ಮಯ್ಯ ಈಗ ನನ್ನ ಮೇಲೆ ಸಿಟ್ಟು ಮಾಡುವುದಿಲ್ಲ. ಅವನೂ ಭಾವನೂ ಹಗಲೆಲ್ಲ ಅದಕ್ಕೆ ಎಣ್ಣೆ ಹೊಯ್ದು ಸುತ್ತಿಗೆ ಬಡಿಯುತ್ತಿದ್ದಾರೆ. ಇವತ್ತಿಗೆ ಅದು ಒಂದು ಗೇಣು ತಿರುಗಿದೆ. ಕೆಲವರು ಗುಡ್ಡದ ಮೇಲಿನ ನೆಂಟರ ಮನೆಗೆ ಹೋದರು. ಹೆಚ್ಚಿನವರಿಗೆ ಅಂಥ ನೆಂಟರಿಲ್ಲ. ಮಂಕಾಳಕ್ಕ, “ಗುಡ್ಡದ ಮೇಲೆ ಬಳಚು ಸಿಕ್ತದೇನೇ?” ಎಂದಳು.

ಉಳಿದದ್ದು ಕರೆ. ಪೂರದ ದಿನ ಒಳಗೆ ಕರೆಯಬಾರದು. ಗೋಡೆಯ ಮೇಲೆ ಹತ್ತಿಸಬೇಕು. ಗೋಡೆಗೆ ಎರಡು ಕಡೆಯೂ ಮೆಟ್ಟಿಲಿದೆ, ಊರೆಲ್ಲ ಅದರ ಮೇಲೆ ಹಿಡಿಯುತ್ತದೆ. ಹಾಗೆಂದು ಒಂದು ಹೊಸ ಹಾಡು ಕಟ್ಟಿದೆ: ಹತ್ತಿರೇ ಹತ್ತಿ ಗೋಡೆ ಹತ್ತಿ, ಹೊಳೆಯಮ್ಮ ಬೆನ್ನ ಹಿಂದಿಂದ ಬಂದಾಳೆ. ರಾಗ ಹಳೆಯದೇ, ಕಲಿಯಲು ಸುಲಭವಾಗಲಿ ಎಂದು. ಹೋದ ವಾರ, ಮಳೆ ನಿಂತು ಹೊಳವಾಗಿದ್ದ ಒಂದು ಬೆಳಿಗ್ಗೆ, ಯಾರಿಗೂ ಹೇಳದೆ ಪರೀಕ್ಷೆಗೆಂದು ಅದನ್ನು ಹಾಡಿದೆ. ಹೆಂಗಸರು ಬುಟ್ಟಿ ಎತ್ತಿಕೊಂಡರು. ನಗುತ್ತ, ಮಾತಾಡುತ್ತ, ಎಂದಿನಂತೆ ಬಾಗಿಲ ಕೆಳಗೆ ಹಾದು ಒಳಗೆ ಬಂದರು. ಒಬ್ಬರೂ ಮೆಟ್ಟಿಲ ಕಡೆ ತಿರುಗಲಿಲ್ಲ. ಮಂಕಾಳಕ್ಕ ಕೊನೆಯಲ್ಲಿ ಬಂದು, ತಲೆಯೆತ್ತಿ, “ಇವತ್ತು ಚೊಲೋ ಹಾಡ್ದೆ ಕಾಣೇ” ಎಂದಳು.

ಮೊದಲು ನಾನು ವೇಷವನ್ನು ದೂರುತ್ತಿದ್ದೆ. ಅಂದಿನಿಂದ ದೂರುವುದು ಬಿಟ್ಟೆ.

ಆಮೇಲೆ ಮನೆಮನೆಗೆ ಹೋದೆ. ನನ್ನಂಥವಳಿಗೆ ಅದು ಸುಲಭವಲ್ಲ. ಎಷ್ಟೋ ಬಾಗಿಲ ಮುಂದೆ ನಿಂತು, ಕರೆಯಲು ನಾಚಿ, ಯಾರಾದರೂ ಹೊರಗೆ ಬರಲಿ ಎಂದು ಕಾದಿದ್ದೇನೆ. ಹೇಳಿದ್ದು ಒಂದೇ ಮಾತು. ಕೊಂಬು ಕೂಗಿದ ಮೇಲೆ ನನ್ನ ಹಾಡು ಕೇಳಿಸದಿದ್ದರೆ ತಲೆಯೆತ್ತಿ ನನ್ನನ್ನು ನೋಡಿ. ನಾನು ನಿಂತಿದ್ದರೆ ಗೋಡೆ ಹತ್ತಿ. ಹೊಸ ಮಾತನ್ನು ಅವರು ಹಳೆಯ ರಾಗದಲ್ಲಿ ಕೇಳಿಸಿಕೊಳ್ಳಲಿಲ್ಲ. ಮೌನಕ್ಕೆ ಹಳೆಯ ರಾಗ ಇಲ್ಲ. ಕೆಲವರು ಆಗಲಿ ಎಂದರು. ಕೆಲವರು ಅಯ್ಯೋ ಪಾಪ ಎಂಬಂತೆ ನೋಡಿ ಬಳಚಿನ ಸಾರು ಕೊಟ್ಟು ಕಳಿಸಿದರು. ಮಂಕಾಳಕ್ಕ, “ನೀ ಹಾಡೂಕೆ ಮರ್ತ್ರೆ ನಾವೆಲ್ಲ ಗೋಡೆ ಹತ್ತೂದೇ? ಚೊಲೋ ಆಯ್ತು” ಎಂದು ನಕ್ಕಳು. ನಾನು ನಗಲಿಲ್ಲ. ಅವಳು ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. “ಆಯ್ತು ಮಾರಾಯ್ತಿ” ಎಂದಳು. ನಿಜವಾಗಿ ಹೇಳಿದಳೋ, ನನ್ನ ಸಮಾಧಾನಕ್ಕೆ ಹೇಳಿದಳೋ ಗೊತ್ತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕರೆಗಾರ್ತಿಯ ಮಣೆ ಇನ್ನೂರು ವರ್ಷ ಕಡಲಿಗೆ ಮುಖ ಮಾಡಿತ್ತು. ನಾನು ಅದನ್ನು ತಿರುಗಿಸಿ ಹೊಳೆಯ ಕಡೆಗೆ ಇಟ್ಟಿದ್ದೇನೆ. ಗುಂಡಮ್ಮನ ಬಾವಿಯ ಕಲ್ಲಿನ ಮೇಲೆ, ಹೊಳೆ ದಾಟಬಾರದ ಎತ್ತರದಲ್ಲಿ, ಅರಿಶಿನದ ಒಂದು ಗೆರೆ ಎಳೆದಿದ್ದೇನೆ. ಕೊಂಬು ಕೂಗಿ ಬಾಗಿಲು ಸುಳ್ಳು ಉಸಿರು ಹಿಡಿದಾಗ ನಾನು ಆ ಗೆರೆಯನ್ನು ನೋಡುತ್ತೇನೆ. ಕಟ್ಟಳೆ ಕೇಳುತ್ತಿದ್ದ ಪ್ರಶ್ನೆಯನ್ನು ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ, ನಾನು ಕೇಳುತ್ತೇನೆ. ಉತ್ತರ ಕ್ಷೇಮವಾಗಿದ್ದರೆ ಹಾಡುತ್ತೇನೆ. ಮೊದಲ ಸಾಲು ಈಗ ಸ್ವಲ್ಪ ತಡವಾಗುತ್ತದೆ, ಮಕ್ಕಳ ಚಪ್ಪಾಳೆ ತಪ್ಪುತ್ತದೆ, ಜನ ಗೊಣಗುತ್ತಾರೆ. ಗೊಣಗಲಿ.

ಘಟ್ಟದ ಮೇಲೆ ಐದು ದಿನದಿಂದ ಮೋಡ ಕದಲಿಲ್ಲ. ಹೊಳೆ ನಿನ್ನೆಯಿಂದ ಕೆಂಪಾಗಿದೆ, ಬೇರುಸಹಿತ ಮರಗಳು ಬರುತ್ತಿವೆ. ಅಷ್ಟಾದರೂ ಇಳಿತದ ಹೊತ್ತಿಗೆ ಹೆಂಗಸರು ಕೆಸರಿಗೆ ಇಳಿದಿದ್ದಾರೆ. ಕೊನೆಯ ತುದಿಯಲ್ಲಿ ಬಗ್ಗಿರುವವಳು ಮಂಕಾಳಕ್ಕ, ಅವಳ ಹಳದಿ ತಲೆವಸ್ತ್ರ ಇಲ್ಲಿಂದ ಕಾಣುತ್ತದೆ. ಗುಂಡಮ್ಮ ಬೆಳಿಗ್ಗೆ ಗೆರೆಗಿಂತ ಒಂದು ಮೊಳ ಕೆಳಗಿದ್ದಳು. ಈಗ ಗೇಣು. ಚಕ್ರಕ್ಕೆ ಬಡಿಯುವ ಸದ್ದು ನಿಂತಿಲ್ಲ.

ನಿಮ್ಮಲ್ಲಿ ಯಾರೋ ಒಬ್ಬರ ಮೊಮ್ಮಗಳು ಈ ಬಾಗಿಲಿನ ಕಟ್ಟಳೆ ಬರೆಯುತ್ತಾಳೆ.

ಅವಳು ಇನ್ನೂ ಹುಟ್ಟಿಲ್ಲ. ಹುಟ್ಟಿದ ಮೇಲೆ ಅವಳಿಗೆ ಇದನ್ನು ತಲುಪಿಸಿ. ಬಾಗಿಲು ಕೇಳುವ ಪ್ರಶ್ನೆಯನ್ನು ಯಂತ್ರದೊಳಗೆ ಮಾತ್ರ ಇಡಬೇಡ ಎಂದು ಹೇಳಿ. ಕಲ್ಲಿನ ಮೇಲೆ ಗೆರೆ ಎಳೆಯಲಿ, ಮಣೆಯನ್ನು ಮೊದಲ ದಿನವೇ ಹೊಳೆಯ ಕಡೆ ತಿರುಗಿಸಿ ಇಡಲಿ. ಬಾಗಿಲು ಯಾಕೆ ನಿಲ್ಲುತ್ತದೆ ಎಂದು ಯಾವುದಾದರೂ ಮಗು ಕೇಳಿದರೆ, ಉಸಿರಾಡಲು ಎಂದು ಮುದ್ದು ಮಾತು ಹೇಳಿ ಕಳಿಸಬೇಡಿ. ನನಗೆ ಹಾಗೆ ಹೇಳಿದ್ದರು. ನಾನು ನಂಬಿದ್ದೆ.

ಭರತ ತಿರುಗಿತು. ಕೊಂಬು ಕೂಗುತ್ತಿದೆ. ಹೆಂಗಸರು ಬುಟ್ಟಿ ಎತ್ತಿಕೊಂಡು ಹಾಡಿಗಾಗಿ ಕಿವಿಗೊಟ್ಟಿದ್ದಾರೆ.

ಬಾವಿಯ ಕಲ್ಲಿನ ಮೇಲೆ ಅರಿಶಿನ ಕಾಣುತ್ತಿಲ್ಲ. ನಾನು ಎದ್ದು ನಿಲ್ಲುತ್ತೇನೆ.